ಅಂಗಡಿ, ಜಾಲತಾಣ, ಪರಿಷೆಯ ಮಳಿಗೆ: ದಾಸ್ತಾನು ಒಂದೇ, ಲೆಕ್ಕ ಹೇಗೆ?

ಪ್ರಶ್ನೆ: ಮೈಸೂರಿನಲ್ಲಿ ಚನ್ನಪಟ್ಟಣದ ಆಟಿಕೆಗಳ ಸಣ್ಣ ಅಂಗಡಿ ನಡೆಸುತ್ತಿದ್ದು, ಜಾಲತಾಣದಲ್ಲೂ ಮಾರುತ್ತೇವೆ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಮಳಿಗೆ ಹಾಕಿದ್ದಾಗ, ಉಳಿದಿದ್ದ ಒಂದೇ ಒಂದು ಮರದ ಕುದುರೆಯನ್ನು ಅಲ್ಲಿ ಮಾರಿದ ಹತ್ತು ನಿಮಿಷಕ್ಕೆ ಹುಬ್ಬಳ್ಳಿಯವರೊಬ್ಬರು ಆನ್‌ಲೈನ್‌ನಲ್ಲಿ ಅದಕ್ಕೇ ಹಣ ಕಟ್ಟಿದರು. ಮೂರೂ ಕಡೆಯ ಲೆಕ್ಕವನ್ನು ಒಂದೇ ಎಕ್ಸೆಲ್ ಹಾಳೆಯಲ್ಲಿ ಇಟ್ಟು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ತುಂಬುತ್ತೇವೆ. ಹೀಗೆ ಒಂದೇ ಹಾಳೆ ಇಟ್ಟಿದ್ದು ತಪ್ಪೇ?

ಉತ್ತರ 1: ಹಾಳೆಯದೇನೂ ತಪ್ಪಿಲ್ಲ, ಅದನ್ನು ರಾತ್ರಿ ಬಾಗಿಲು ಹಾಕಿದ ಮೇಲೆ ತುಂಬುವುದು ತಪ್ಪು. ಮಳಿಗೆಯನ್ನು ಪ್ರತ್ಯೇಕ ಗೋದಾಮೆಂದೇ ಪರಿಗಣಿಸಿ, ಪೆಟ್ಟಿಗೆಗಳು ಗಾಡಿ ಏರುವ ಮೊದಲೇ ಅಷ್ಟು ಸರಕನ್ನು ದಾಸ್ತಾನು ಲೆಕ್ಕದ ತಂತ್ರಾಂಶದಲ್ಲಿ ಅಲ್ಲಿಗೆ ವರ್ಗಾಯಿಸಿ, ಆ ಗೋದಾಮನ್ನು ಆನ್‌ಲೈನ್ ಮಾರಾಟದಿಂದ ಹೊರಗಿಟ್ಟರೆ, ಜಾಲತಾಣದ ಗ್ರಾಹಕರಿಗೆ ಅದು ಕಾಣಿಸುವುದೇ ಇಲ್ಲ. ಪರಿಷೆಯ ಜನಜಂಗುಳಿಯಲ್ಲಿ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ, ಆದ್ದರಿಂದ ತಕ್ಷಣದ ಸಿಂಕ್ (ಮಾರಿದ ಕೂಡಲೇ ಎಲ್ಲ ಕಡೆಯ ಲೆಕ್ಕ ತಾನಾಗಿ ಹೊಂದಿಕೊಳ್ಳುವುದು) ನಂಬಿ ಕೂರುವಂತಿಲ್ಲ.

ಉತ್ತರ 2: ಒಂದೇ ಜಿಎಸ್‌ಟಿ ನೋಂದಣಿಯಡಿ ರಾಜ್ಯದೊಳಗೆ ಹೀಗೆ ಸಾಗಿಸುವುದು ಮಾರಾಟವಲ್ಲವಾದ್ದರಿಂದ ಡೆಲಿವರಿ ಚಲನ್ (ಸರಕಿನ ಜೊತೆ ಹೋಗುವ ಸಾಗಣೆ ಪಟ್ಟಿ) ಅನ್ನು 3 ಪ್ರತಿಗಳಲ್ಲಿ ಬರೆಯಿರಿ, ಮರಳಿ ಬಂದಾಗ ಎಣಿಸಲು ಅದೇ ಪಟ್ಟಿ ಸಾಕು.

ಪ್ರಶ್ನೆ ಕೇಳಿದವರು: ಧನ್ಯವಾದ. ಚಲನ್ ಬರೆಯಲು ಕುಳಿತಾಗಲೇ ತಿಳಿಯಿತು, ಕೆಂಪು ಬುಗುರಿಗೂ ಹಳದಿ ಬುಗುರಿಗೂ ನಾವು ಒಂದೇ ಕೋಡ್ ಕೊಟ್ಟಿದ್ದೇವೆ. ಮೊದಲು ಅದನ್ನು ಬೇರ್ಪಡಿಸುತ್ತೇನೆ.