ಪದಚರ್ಚೆ: ‘ವಿದ್ಯುತ್ ಕ್ಷೇತ್ರ’ ಅಂದರೆ ಜಾಗವೋ, ಪರಿಮಾಣವೋ?

ಪ್ರಶ್ನೆ: ಪಿಯುಸಿ ಭೌತಶಾಸ್ತ್ರವನ್ನು ಕನ್ನಡದಲ್ಲಿ ಬರೆಯುವಾಗ ‘ವಿದ್ಯುತ್ ಕ್ಷೇತ್ರ’ವನ್ನು ಆವೇಶದ (ಚಾರ್ಜ್) ಸುತ್ತಲಿನ ಜಾಗ ಎನ್ನಬೇಕೇ, ಅಳೆಯುವ ಪರಿಮಾಣ ಎನ್ನಬೇಕೇ? ಪರಿಮಾಣಕ್ಕೆ ‘ಕ್ಷೇತ್ರ ತೀವ್ರತೆ’ಯೇ ಸರಿಯೇ? ‘ವಿಭವ ಸೊನ್ನೆಯಾದಲ್ಲಿ ಕ್ಷೇತ್ರವೂ ಸೊನ್ನೆ’ ಎಂಬ ವಾಕ್ಯ (ವಿಭವ ಎಂದರೆ ಪೊಟೆನ್ಶಿಯಲ್, ಏಕಮಾನ ಆವೇಶಕ್ಕೆ ಆ ಬಿಂದುವಿನಲ್ಲಿರುವ ಸ್ಥಿತಿಶಕ್ತಿ) ನಿಲ್ಲುತ್ತದೆಯೇ?

ಉತ್ತರ: ಎರಡು ಅರ್ಥವೂ ಬಳಕೆಯಲ್ಲಿವೆ. ಆದರೆ ‘ಜಾಗ’ ಎಂದಷ್ಟೇ ಹೇಳಿ ಬಿಟ್ಟರೆ ಮುಂದಿನ ಲೆಕ್ಕ ಯಾವುದೂ ತಲೆಗೆ ಹತ್ತುವುದಿಲ್ಲ. ಒಂದು ಬಿಂದುವಿನಲ್ಲಿ ಏಕಮಾನ ಧನಾವೇಶದ ಮೇಲೆ ಎಷ್ಟು ಬಲ, ಯಾವ ದಿಕ್ಕಿಗೆ ಎಂಬುದೇ ಅಲ್ಲಿನ ಕ್ಷೇತ್ರ. ಅಳತೆ ನ್ಯೂಟನ್ ಪ್ರತಿ ಕೂಲಮ್. ಹಾಗೆಂದು ನಿಜವಾಗಿ ಒಂದು ಕೂಲಮ್ ಆವೇಶ ತಂದಿಟ್ಟರೆ ಸುತ್ತಲಿನ ಆವೇಶಗಳು ಸರಿದು, ಅಳೆಯಹೊರಟ ಕ್ಷೇತ್ರವೇ ಬದಲಾಗುತ್ತದೆ. ಅದಕ್ಕೇ ತೀರಾ ಸಣ್ಣ ಪರೀಕ್ಷಾ ಆವೇಶವನ್ನಿಟ್ಟು, ಬಲವನ್ನು ಅದರಿಂದ ಭಾಗಿಸುತ್ತೇವೆ. ಆ ಆವೇಶವನ್ನು ತೆಗೆದರೆ ಬಲ ಹೋಯಿತು, ಕ್ಷೇತ್ರ ಉಳಿಯಿತು. ‘ವಿದ್ಯುತ್ ಬಲ’ವನ್ನು ಇದರ ಬದಲಿಗೆ ಬಳಸಬಾರದು ಎನ್ನುವುದು ಇದಕ್ಕೇ.

‘ತೀವ್ರತೆ’ ತಪ್ಪಲ್ಲ, ಆದರೆ ಅದನ್ನು ಕೇಳಿದೊಡನೆ ಹೆಚ್ಚು-ಕಡಿಮೆ ಮಾತ್ರ ನೆನಪಾಗಿ ದಿಕ್ಕು ಮರೆಯುತ್ತದೆ. ಕ್ಷೇತ್ರ ಸದಿಶ (ಬೆಲೆಯ ಜೊತೆ ದಿಕ್ಕೂ ಇದೆ), ವಿಭವ ಅದಿಶ (ಬೆಲೆ ಮಾತ್ರ). ನಿಮ್ಮ ವಾಕ್ಯ ಬೀಳುವುದು ಇಲ್ಲೇ.

+1 ಮತ್ತು -1 ಮೈಕ್ರೊಕೂಲಮ್ ಆವೇಶಗಳನ್ನು ಗಾಳಿಯಲ್ಲಿ 2 ಮೀಟರ್ ದೂರದಲ್ಲಿಡಿ. ನಡುಬಿಂದುವಿನಲ್ಲಿ ವಿಭವ +9000 ಮತ್ತು -9000 ವೋಲ್ಟ್ ಕೂಡಿ ಸೊನ್ನೆ. ಕ್ಷೇತ್ರಗಳು ಮಾತ್ರ ಎರಡೂ ಋಣಾವೇಶದ ಕಡೆಗೇ. ಒಟ್ಟು 18,000 ನ್ಯೂಟನ್ ಪ್ರತಿ ಕೂಲಮ್. ಈಗ ಎರಡನ್ನೂ ಧನವಾಗಿಸಿ: ಕ್ಷೇತ್ರ ಸೊನ್ನೆ, ವಿಭವ 18,000 ವೋಲ್ಟ್. ವಿಭವ ಜಾಗದಿಂದ ಜಾಗಕ್ಕೆ ಎಷ್ಟು ಬೇಗ ಇಳಿಯುತ್ತದೆ ಎಂಬುದು ಕ್ಷೇತ್ರವನ್ನು ನಿರ್ಧರಿಸುತ್ತದೆ, ವಿಭವದ ಬೆಲೆಯಲ್ಲ. ‘ವೋಲ್ಟ್ ಪ್ರತಿ ಮೀಟರ್’ ಎಂಬ ಇನ್ನೊಂದು ಏಕಮಾನ ಬಂದದ್ದೂ ಹೀಗೆಯೇ. ಒಣ ಗಾಳಿ ಸುಮಾರು 30 ಲಕ್ಷ ವೋಲ್ಟ್ ಪ್ರತಿ ಮೀಟರ್ ಕ್ಷೇತ್ರದಲ್ಲಿ ಅವಾಹಕತೆ ಕಳೆದುಕೊಂಡು ಕಿಡಿ ಹಾರುತ್ತದೆ. ಇಲ್ಲಿ ಬರೀ ವೋಲ್ಟ್ ಹೇಳಿದರೆ ಅಂತರ ಎಷ್ಟೆಂದು ತಿಳಿಯದೆ ಮಾತು ಅರ್ಧವಾಗುತ್ತದೆ.

ಇನ್ನೊಂದು ಉತ್ತರ: ಮೇಲಿನದನ್ನು ಒಪ್ಪುತ್ತೇನೆ. ಕ್ಷೇತ್ರದ ದಿಕ್ಕು ತೋರಿಸಲು ಎಳೆಯುವ ರೇಖೆಗೆ ‘ಬಲರೇಖೆ’ಗಿಂತ ‘ಕ್ಷೇತ್ರರೇಖೆ’ ಲೇಸು. ಅದನ್ನು ‘ಆವೇಶ ಸಾಗುವ ದಾರಿ’ ಎಂದು ವಿವರಿಸುವುದು ತಪ್ಪು: ರೇಖೆಯ ಸ್ಪರ್ಶಕ ಬಲದ ದಿಕ್ಕನ್ನು ಹೇಳುತ್ತದೆ, ವೇಗದ ದಿಕ್ಕನ್ನಲ್ಲ. ರೇಖೆ ಬಾಗಿದ್ದರೆ ಆವೇಶ ಅದರಿಂದ ಹೊರಗೆ ಸರಿಯುತ್ತದೆ. ಪತ್ರಿಕೆಗೆ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ‘ವಿದ್ಯುತ್ ಕ್ಷೇತ್ರ’ ಎಂದರೆ ಓದುಗರಿಗೆ ವಿದ್ಯುತ್ ಉತ್ಪಾದನೆ, ಸರಬರಾಜಿನ ಉದ್ಯಮವೇ ಹೊಳೆಯುತ್ತದೆ. ಮೊದಲ ಸಲ ‘ಆವೇಶದಿಂದ ಉಂಟಾಗುವ ವಿದ್ಯುತ್ ಕ್ಷೇತ್ರ’ ಎಂದು ಬಿಡಿಸಿ ಬರೆದರೆ ಗೊಂದಲವಿಲ್ಲ.