ಬಟ್ಟಿ ಇಳಿಸಿದ ಮದ್ಯಕ್ಕೆ ಶುಚಿತ್ವದ ಕಟ್ಟುನಿಟ್ಟು ಎಷ್ಟು ಬೇಕು?

ಪ್ರಶ್ನೆ: ಪರವಾನಗಿ ಇರುವ ಸಣ್ಣ ಡಿಸ್ಟಿಲರಿಯೊಂದಕ್ಕೆ ಶುಚಿತ್ವದ ನಿಯಮಗಳನ್ನು ಬರೆಯುವ ಹೊಣೆ ನನ್ನ ಮೇಲಿದೆ. ಹುದುಗಿಸಿದ ರಸವನ್ನು ಹೇಗೂ ಕುದಿಸುತ್ತೇವೆ, ಇಳಿದುಬರುವ ಮದ್ಯದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಆದ್ದರಿಂದ ಹಾಲಿನ ಘಟಕದಷ್ಟು ಬಿಗಿ ಇಲ್ಲಿ ಬೇಡ ಎಂಬುದು ಸಹೋದ್ಯೋಗಿಗಳ ವಾದ. ಇದು ಎಷ್ಟರಮಟ್ಟಿಗೆ ಸರಿ?

ಉತ್ತರ 1: ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ, ಆದರೆ ಅವು ಅದಕ್ಕೂ ಮೊದಲೇ ತಯಾರಿಸಿಟ್ಟ ವಸ್ತುಗಳು ಆವಿಯ ಜೊತೆಗೇ ಏರಿ ಮದ್ಯಕ್ಕೆ ಬಂದು ಸೇರುತ್ತವೆ. ತೊಳೆಯದ ತೊಟ್ಟಿಯಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹೆಚ್ಚಿದರೆ, ಅವುಗಳಲ್ಲಿ ಕೆಲವು ಹುದುಗುವಾಗ ಹುಟ್ಟುವ ಗ್ಲಿಸರಾಲ್‌ ಎಂಬ ವಸ್ತುವನ್ನು ಮಾರ್ಪಡಿಸುವುದರಿಂದ, ಮುಂದೆ ಕಾಯಿಸುವಾಗ ಕಣ್ಣು ಮೂಗು ಉರಿಸುವ ವಿಷಕಾರಿ ಅಕ್ರೋಲಿನ್ ಹುಟ್ಟುತ್ತದೆ. ಅಸಿಟಿಕ್ ಬ್ಯಾಕ್ಟೀರಿಯಾ ಸೇರಿದರೆ ಆಲ್ಕೋಹಾಲ್ ವಿನೆಗರ್ ಆಗುತ್ತಾ ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಹುದುಗಿನ ತೊಟ್ಟಿಯೇ ನಿಮ್ಮ ನಿಯಮಾವಳಿಯ ಮೊದಲ ಅಧ್ಯಾಯವಾಗಬೇಕು.

ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್ ಮಾತ್ರ ಬೇರೆ ವಿಷಯ: ಅದು ಮುಖ್ಯವಾಗಿ ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟು ನಾರಿನಿಂದ ಬರುತ್ತದೆ. ಮೆಥನಾಲ್ 64.7 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕುಡಿಯುವ ಮದ್ಯದ ಆಲ್ಕೋಹಾಲ್ ಆದ ಎಥನಾಲ್ 78.4ರಲ್ಲಿ ಕುದಿಯುವುದರಿಂದ ಮೊದಲು ಇಳಿಯುವ ಭಾಗವನ್ನು ಚೆಲ್ಲಿದರೆ ಸಾಕೆಂದು ಹಲವರು ನಂಬುತ್ತಾರೆ. ಆದರೆ ಅದು ಇಳಿಯುವ ಮದ್ಯದ ಉದ್ದಕ್ಕೂ ಹರಡಿಕೊಂಡಿರುತ್ತದೆ. ಪ್ರತಿ ಸಲ ಇಳಿಸಿದ ಮದ್ಯವನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದೇ ದಾರಿ.

ಉತ್ತರ 2: ಸಲಕರಣೆಗಳನ್ನು ಮರೆಯಬೇಡಿ. ಕಡು ಆಲ್ಕೋಹಾಲ್ ಒಳ್ಳೆಯ ದ್ರಾವಕವಾದ್ದರಿಂದ, ಸಾಧಾರಣ ಪಿವಿಸಿ ಕೊಳವೆಯನ್ನು ಮೆದುವಾಗಿಸಲು ಬಳಸುವ ರಾಸಾಯನಿಕಗಳನ್ನೂ ಸೆಳೆದುಕೊಳ್ಳುತ್ತದೆ. ಸೀಸವಿರುವ ಬೆಸುಗೆ ಎಲ್ಲಿಯೂ ಇರಬಾರದು. ತಾಮ್ರದ ಹಂಡೆಯನ್ನು ಸಿಟ್ರಿಕ್ ಆಮ್ಲದಿಂದ ತೊಳೆಯಬಹುದು. ಕಾಸ್ಟಿಕ್ ಸೋಡಾ ಬಳಸಿದ ಕಡೆ ಕೊನೆಯ ತೊಳೆನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ನೋಡಿ ದಾಖಲಿಸಿ. ಕ್ಲೋರಿನ್ ಪುಡಿಯನ್ನು ಆಮ್ಲದೊಂದಿಗೆ ಎಂದಿಗೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಹುದುಗುವ ತೊಟ್ಟಿಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುವುದರಿಂದ, ಗಾಳಿಯನ್ನು ಅಳೆಯದೆ, ಹೊರಗೊಬ್ಬರು ಕಾವಲು ನಿಲ್ಲದೆ ಯಾರನ್ನೂ ಇಳಿಸಬೇಡಿ. ಇದು ಜೀವದ ಪ್ರಶ್ನೆ.

ಉತ್ತರ 3: ಬಟ್ಟಿಯಿಂದ ಇಳಿದ ಮೇಲೆ ಮತ್ತೆ ಕುದಿಸುವುದಿಲ್ಲ ಎಂಬುದನ್ನು ನಿಮ್ಮ ಸಹೋದ್ಯೋಗಿಗಳಿಗೆ ನೆನಪಿಸಿ. ಆಲ್ಕೋಹಾಲ್ ಪ್ರಮಾಣವನ್ನು ಸುಮಾರು 40 ಶೇಕಡಾಕ್ಕೆ ಇಳಿಸಲು ಬೆರೆಸುವ ನೀರು ನೇರವಾಗಿ ಬಾಟಲಿಗೆ ಹೋಗುವುದರಿಂದ, ಅದು ಕುಡಿಯಲು ಯೋಗ್ಯವಾಗಿರಬೇಕು, ಗಡಸಾಗಿರಬಾರದು. ಸುಣ್ಣದ ಅಂಶ ಹೆಚ್ಚಿದ್ದರೆ ತಳದಲ್ಲಿ ಗಸಿ ಕಾಣಿಸುತ್ತದೆ. ಬ್ಯಾಕ್ಟೀರಿಯಾದ ಬೀಜಾಣುಗಳನ್ನು (ಅವುಗಳ ಗಟ್ಟಿ, ಸುಪ್ತ ರೂಪವನ್ನು) ಆಲ್ಕೋಹಾಲ್ ಕೊಲ್ಲುವುದಿಲ್ಲ. ಕೆನೆ ಬೆರೆಸಿದ, ಆಲ್ಕೋಹಾಲ್ ಕಡಿಮೆ ಇರುವ ಸಿಹಿ ಮದ್ಯ (ಲಿಕರ್) ತಯಾರಿಸುವುದಾದರೆ ಹಾಲಿನ ಘಟಕದ ಬಿಗಿಯೇ ಬೇಕು. ತುಂಬುವಾಗ ಬಾಟಲಿ ಒಡೆದರೆ ಯಂತ್ರ ನಿಲ್ಲಿಸಿ, ಅಕ್ಕಪಕ್ಕದ ತೆರೆದ ಬಾಟಲಿಗಳನ್ನೂ ತೆಗೆದುಹಾಕಿ, ಯಾರು ಯಾವಾಗ ಸ್ವಚ್ಛಗೊಳಿಸಿದರೆಂದು ಬರೆದಿಡುವ ನಿಯಮವನ್ನೂ ಸೇರಿಸಿ.