ಟಾಂಗಾ ಕುದುರೆಗೆ ಎದೆಪಟ್ಟಿಯ ಹುಣ್ಣು ವಾಸಿಯಾಗ್ತಿಲ್ಲ, ಮುಂಗಾಲಿನ ಲಾಳವೂ ನಿಲ್ತಿಲ್ಲ

ಪ್ರಶ್ನೆ – ಮೈಸೂರಿನಿಂದ

ನಮಸ್ಕಾರ. ಅಪ್ಪ ಮೊದಲಿಂದಲೂ ಟಾಂಗಾ ಓಡಿಸಿಕೊಂಡು ಬಂದವರು. ಈಗ ಅವರಿಗೆ ಮಂಡಿನೋವು, ಕುದುರೆ ನನ್ನ ಕೈಗೆ ಬಂದಿದೆ. ಹೆಣ್ಣು ಕುದುರೆ, ಎಂಟು ವರ್ಷ. ಮೂರು ತಿಂಗಳಿಂದ ಎದೆಪಟ್ಟಿ ಕೂರುವ ಜಾಗದಲ್ಲಿ, ಎರಡೂ ಭುಜದ ಮುಂದೆ ಕೂದಲು ಉದುರಿದೆ. ಬಲಗಡೆಯಂತೂ ಹುಣ್ಣೇ ಆಗಿದೆ. ನಾಲ್ಕು ದಿನ ಬಿಟ್ಟರೆ ಒಣಗುತ್ತೆ, ಗಾಡಿ ಕಟ್ಟಿದ ಎರಡನೇ ದಿನಕ್ಕೆ ಮತ್ತೆ ಕಿತ್ತುಕೊಳ್ಳುತ್ತೆ. ಪಟ್ಟಿಗೆ ಗೋಣಿ ಸುತ್ತಿದೆ, ಆಮೇಲೆ ಸ್ಪಂಜು ಕಟ್ಟಿದೆ, ಇನ್ನೂ ಜಾಸ್ತಿಯಾಯ್ತು. ಇದು ಸಾಲದು ಅಂತ ಬಲ ಮುಂಗಾಲಿನ ಲಾಳ ಎರಡು ಸಲ ಕಳಚಿ ಬಿತ್ತು. ಹೊಸ ಎದೆಪಟ್ಟಿ ಹೊಲಿಸಲಾ?

ಉತ್ತರ – ಶ್ರೀರಂಗಪಟ್ಟಣದಿಂದ

ಪಟ್ಟಿ ಹೊಲಿಸೋಕೆ ದುಡ್ಡು ಹಾಕಬೇಡಿ, ಸ್ವಲ್ಪ ತಡೀರಿ. ಮೂರು ವಿಷಯ ನೋಡಿ ಹೇಳಿ. ಎದೆಪಟ್ಟಿಯಿಂದ ಹಿಂದಕ್ಕೆ ಹೋಗುವ ಎಳೆಪಟ್ಟಿಗಳನ್ನ ಗಾಡಿಯಲ್ಲಿ ಎಲ್ಲಿಗೆ ಸಿಕ್ಕಿಸಿದ್ದೀರಿ? ಎರಡೂ ಒಂದೇ ಉದ್ದ ಇವೆಯಾ? ಕುದುರೆ ಕುಕ್ಕುಲೋಟದಲ್ಲಿ ಓಡುವಾಗ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಹಾಗೆ ಟಕ್ ಟಕ್ ಸದ್ದು ಬರುತ್ತಾ?

ಪ್ರಶ್ನೆ ಕೇಳಿದವರು

ಮೊದಲು ಮಧ್ಯದಲ್ಲಿ ಒಂದೇ ಬೋಲ್ಟಿನ ಮೇಲೆ ಆಡುವ ಅಡ್ಡಮರ ಇತ್ತು. ಯುಗಾದಿ ಹೊತ್ತಿಗೆ ಅದು ಸೀಳಿತು. ವೆಲ್ಡಿಂಗ್ ಅಂಗಡಿಯಲ್ಲಿ ಗಾಡಿಯ ಚೌಕಟ್ಟಿಗೇ ಎರಡು ಕೊಂಡಿ ಹಾಕಿಸಿದೆ. ಅಳತೆ ನೋಡಿದೆ, ಬಲಗಡೆ ಪಟ್ಟಿ ಎರಡು ಬೆರಳು ಗಿಡ್ಡ ಇದೆ. ಸದ್ದು ಬರುತ್ತೆ ಅಣ್ಣ, ನಾನು ಅದನ್ನ ಗಾಡಿ ಸದ್ದು ಅಂದುಕೊಂಡಿದ್ದೆ.

ಉತ್ತರ – ಶ್ರೀರಂಗಪಟ್ಟಣದಿಂದ

ಹುಣ್ಣು ಶುರುವಾಗಿದ್ದೂ ಆ ಕೊಂಡಿ ಹಾಕಿಸಿದ ಮೇಲೇ ಅಲ್ವಾ? ಕುದುರೆ ನಡೆಯುವಾಗ ಹಿಂದಿನಿಂದಲ್ಲ, ಎದುರು ನಿಂತು ನೋಡಿ. ಬಲಭುಜ ಮುಂದೆ ಬಂದಾಗ ಎಡದ್ದು ಹಿಂದೆ, ಆಮೇಲೆ ಎಡದ್ದು ಮುಂದೆ. ಅಡ್ಡಮರ ಬೋಲ್ಟಿನ ಮೇಲೆ ಆಡುತ್ತಿದ್ದರೆ ಭುಜದ ಜೊತೆ ಎದೆಪಟ್ಟಿಯೂ ಅತ್ತಿತ್ತ ಹೋಗುತ್ತೆ. ಕೊಂಡಿ ಬಿಗಿಯಾಗಿದ್ದರೆ ಪಟ್ಟಿ ನಿಂತಲ್ಲೇ ನಿಲ್ಲುತ್ತೆ, ಭುಜ ಅದರ ಕೆಳಗೆ ಗರಗಸದ ಹಾಗೆ ಉಜ್ಜುತ್ತೆ, ಒಂದೊಂದು ಹೆಜ್ಜೆಗೂ. ಸಾಲದ್ದಕ್ಕೆ ಬಲಪಟ್ಟಿ ಗಿಡ್ಡ, ಹಾಗಾಗಿ ಎಳೆತವೆಲ್ಲ ಬಲಕ್ಕೇ ಬೀಳುತ್ತಿದೆ. ಸ್ಪಂಜು ಬೆವರು ಹೀರಿ ಬಿಸಿಯಾಗುತ್ತೆ, ಸುರುಳಿಯಾಗಿ ಗಂಟು ಕಟ್ಟುತ್ತೆ. ಅದನ್ನ ಇವತ್ತೇ ತೆಗೆದುಬಿಡಿ.

ಅಡ್ಡಮರ ಮತ್ತೆ ಹಾಕಿಸಿ, ನಡುವಿನ ಬೋಲ್ಟಿಗೆ ಗ್ರೀಸ್ ಇರಲಿ. ಎರಡೂ ಎಳೆಪಟ್ಟಿಯನ್ನ ಸಮನಾದ ತೂತಿಗೆ ಸಿಕ್ಕಿಸಿ, ಉದ್ದ ಒಂದೇ ಇರಲಿ. ಎದೆಪಟ್ಟಿ ಭುಜದ ಮುಂದಿನ ಮೂಳೆ ಉಬ್ಬಿದೆಯಲ್ಲ, ಅದರ ಸ್ವಲ್ಪ ಮೇಲೆ ಕೂರಬೇಕು. ಇನ್ನೂ ಮೇಲಾದರೆ ಉಸಿರುಕೊಳವೆ ಒತ್ತುತ್ತೆ, ಕೆಳಗಾದರೆ ಕಾಲು ಬೀಸೋಕೆ ಆಗಲ್ಲ. ಜನ ಕೂತ ಮೇಲೆ ಗಾಡಿಯ ಮುಂದಿನ ಎರಡು ಮರಗಳನ್ನ ಕೈಯಲ್ಲಿ ಎತ್ತಿ ನೋಡಿ, ಹಗುರಾಗಿ ಏಳಬೇಕು. ಭಾರ ಬಿದ್ದರೆ ಬೆನ್ನಿನ ಜೀನಿನಡಿ ಇನ್ನೊಂದು ಹುಣ್ಣು ಗ್ಯಾರಂಟಿ, ಸವಾರಿಯನ್ನ ಒಂಚೂರು ಹಿಂದೆ ಕೂರಿಸಿ.

ಇನ್ನು ಲಾಳ. ಕಟ್ಟಿಸಿ ಎಷ್ಟು ದಿನವಾಯ್ತು?

ಪ್ರಶ್ನೆ ಕೇಳಿದವರು

ಎರಡು ತಿಂಗಳ ಮೇಲಾಯ್ತು. ಲಾಳ ಸವೆದಿರಲಿಲ್ಲ, ಬಿದ್ದಾಗ ಅದನ್ನೇ ಹಳೇ ತೂತಿಗೆ ಹೊಡೆಸಿದೆ.

ಉತ್ತರ – ಶ್ರೀರಂಗಪಟ್ಟಣದಿಂದ

ಲಾಳ ಸವೆಯದಿದ್ದರೂ ಗೊರಸು ಬೆಳೆಯುತ್ತಲೇ ಇರುತ್ತೆ, ತಿಂಗಳಿಗೆ ಹೆಚ್ಚುಕಮ್ಮಿ 1 ಸೆಂಟಿಮೀಟರ್. ಮುಂಗಾಲಿನ ಗೊರಸಿನ ತುದಿ ಉದ್ದವಾದರೆ ಆ ಕಾಲು ನೆಲ ಬಿಟ್ಟೇಳೋದು ತಡವಾಗುತ್ತೆ. ಅಷ್ಟರಲ್ಲಿ ಹಿಂಗಾಲು ಬಂದು ಅದಕ್ಕೆ ತಗಲುತ್ತೆ. ನೀವು ಕೇಳಿದ ಸದ್ದು ಅದೇ. ಬಿದ್ದ ಲಾಳದ ಹಿಂತುದಿ ನೋಡಿ, ಹೊಸ ಗೀರು ಹೊಳೀತಾ ಇರುತ್ತೆ. 4ರಿಂದ 6 ವಾರಕ್ಕೊಮ್ಮೆ ಲಾಳ ಬಿಚ್ಚಿಸಿ, ಗೊರಸು ಕತ್ತರಿಸಿ, ಮತ್ತೆ ಕಟ್ಟಿಸಲೇಬೇಕು. ಗೊರಸನ್ನ ಲಾಳಕ್ಕೆ ತಕ್ಕ ಹಾಗೆ ಅರ ಹಾಕೋರು ಇದ್ದಾರೆ, ಅವರ ಹತ್ತಿರ ಹೋಗಬೇಡಿ. ಗೊರಸಿನ ಆಕಾರಕ್ಕೆ ಲಾಳ ಬಗ್ಗಬೇಕು. ಹಳೇ ತೂತಲ್ಲಿ ಮೊಳೆಗೆ ಹಿಡಿತ ಇರಲ್ಲ. ಗೊರಸಿನ ಅಡಿಯಲ್ಲಿ ಕಾಣುವ ಬಿಳಿ ಗೆರೆಯ ಹೊರಗೇ ಮೊಳೆ ಹೋಗಬೇಕು, ಒಳಗೆ ಹೋದರೆ ಮಾರನೇ ದಿನವೇ ಕುಂಟುತ್ತೆ, ಗೊರಸು ಮುಟ್ಟಿದರೆ ಬಿಸಿ ಗೊತ್ತಾಗುತ್ತೆ.

ಉತ್ತರ – ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು, ಹಾಸನದಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಎಲ್ಲಕ್ಕಿಂತ ಮೊದಲು ಧನುರ್ವಾಯು ಚುಚ್ಚುಮದ್ದು ಆಗಿದೆಯಾ ನೋಡಿ. ಕುದುರೆಯಷ್ಟು ಬೇಗ ಧನುರ್ವಾಯು ಹಿಡಿಯುವ ಸಾಕುಪ್ರಾಣಿ ಇನ್ನೊಂದಿಲ್ಲ, ಹುಣ್ಣಾದರೂ ಸಾಕು, ಮೊಳೆ ಚುಚ್ಚಿದರೂ ಸಾಕು. ಗಾಯವನ್ನ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಹಾಕಿ ತೊಳೆಯಿರಿ. ಇಂಜಿನ್ ಆಯಿಲ್ ಹಚ್ಚಬೇಡಿ, ಯಾರು ಹೇಳಿದರೂ. ಚರ್ಮ ಪೂರ್ತಿ ಕೂಡುವ ತನಕ ಗಾಡಿ ಕಟ್ಟಲೇಬಾರದು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಹುಣ್ಣಿರುವ ಪ್ರಾಣಿಯನ್ನ ದುಡಿಸೋದು ಅಪರಾಧ. ದುಡಿಮೆ ನಿಲ್ಲುತ್ತೆ, ಮನೆಗೆ ಕಷ್ಟ ಅಂತ ಗೊತ್ತು. ಆದರೂ ಕೇಳಿ, ಆ ಜೀವಕ್ಕೆ ಬಾಯಿಲ್ಲ.

ಪ್ರಶ್ನೆ ಕೇಳಿದವರು – ಐದು ವಾರದ ಮೇಲೆ

ಚುಚ್ಚುಮದ್ದು ಹಾಕಿಸಿದೆ. ಮೂರು ವಾರ ಬರೀ ನಡೆಸಿದೆ, ಗಾಡಿ ಕಟ್ಟಲಿಲ್ಲ. ಹೊನ್ನೆಮರದಲ್ಲಿ ಅಡ್ಡಮರ ಮಾಡಿಸಿದೆ. ಲಾಳ ಬಿಚ್ಚಿದಾಗ ಹಿಂತುದಿಯಲ್ಲಿ ಗೀರು ಇತ್ತು, ನೀವು ಹೇಳಿದ ಹಾಗೇ. ಈಗ ಹುಣ್ಣಿದ್ದ ಜಾಗದಲ್ಲಿ ಬಿಳಿ ಕೂದಲು ಬರ್ತಿದೆ. ನೆನ್ನೆ ಅಪ್ಪ ಜಗಲಿ ಮೇಲೆ ಕೂತು ಅದು ಓಡೋದನ್ನ ಕೇಳಿಸಿಕೊಂಡು, "ಸದ್ದು ನಿಂತೈತಲ್ಲೋ" ಅಂದರು.